ಘಾಟಿಗೆ ಎಷ್ಟು ಅಶ್ವಶಕ್ತಿ ಬೇಕು

ಭಾನುವಾರ ಬೆಳಗ್ಗೆ ಕೊಟ್ಟಿಗೆಹಾರದ ನೀರುದೋಸೆ ಹೋಟೆಲುಗಳ ಮುಂದೆ ಸಾಲಾಗಿ ನಿಲ್ಲುವ ಗಾಡಿಗಳಲ್ಲಿ ಈಚೆಗೆ ಒಂದು ಹೊಸ ಬಗೆ ಎದ್ದು ಕಾಣುತ್ತದೆ. ಎತ್ತರದ ಎಸ್‌ಯುವಿಗಳ ನಡುವೆ ನೆಲಕ್ಕೆ ಹತ್ತಿರವಾಗಿ ಕೂತ ಸೆಡಾನ್‌ಗಳು. ಹಿಂಬದಿಯಲ್ಲಿ ಜಿಟಿ ಎಂಬ ಅಕ್ಷರ, ಕೆಂಪು ಬಳಿದ ಬ್ರೇಕ್ ಕ್ಯಾಲಿಪರ್, ಬೆಂಗಳೂರಿನ ನಂಬರ್ ಪ್ಲೇಟು. ನಸುಕಿಗೂ ಮುಂಚೆ ಮನೆ ಬಿಟ್ಟು ಹಾಸನ, ಬೇಲೂರು, ಮೂಡಿಗೆರೆ ದಾಟಿ ಬಂದವರು ಇವರು. ಧರ್ಮಸ್ಥಳ ತಲುಪುವ ಅವಸರ ಇವರಿಗಿಲ್ಲ. ಮುಂದೆ ಸಿಗುವ ಚಾರ್ಮಾಡಿ ಘಾಟಿಯ ತಿರುವುಗಳಿಗಾಗಿಯೇ ಇಷ್ಟು ದೂರ ಬಂದಿರುತ್ತಾರೆ. ಕೆಳಗೆ ಹೋಗಿ, ಗಾಡಿ ತಿರುಗಿಸಿ, ಮತ್ತೆ ಹತ್ತಿ ಬರುವವರೂ ಇದ್ದಾರೆ.

ಈ ಆಸೆಯನ್ನು ಹಳಿಯುವ ಮನಸ್ಸು ನನಗಿಲ್ಲ. ಒಳ್ಳೆಯ ಯಂತ್ರವನ್ನು ಪ್ರೀತಿಸುವುದು ಮನುಷ್ಯನ ಗುಣಗಳಲ್ಲಿ ಒಂದು. ಸ್ಟೀರಿಂಗ್ ಎಷ್ಟು ತಿರುಗಿಸಿದರೆ ಅಷ್ಟೇ ತಿರುಗುವ, ತಿರುವಿನಲ್ಲಿ ಮೈ ವಾಲಿಸದ, ಕಾಲು ಒತ್ತಿದ ಕೂಡಲೇ ಓಗೊಡುವ ಗಾಡಿಯಲ್ಲಿ ಘಾಟಿ ಹತ್ತುವುದು ನಿಜವಾದ ಸುಖ. ಕಣ್ಣು, ಕಿವಿ, ಕೈ, ಕಾಲು ಎಲ್ಲವೂ ಒಂದೇ ಕೆಲಸದಲ್ಲಿ ನೆಟ್ಟಿರುತ್ತವೆ. ವಾರವಿಡೀ ಹತ್ತು ಕಡೆ ಚದುರಿದ್ದ ಮನಸ್ಸು ಅಲ್ಲಿ ಒಟ್ಟುಗೂಡುತ್ತದೆ. ಆ ಏಕಾಗ್ರತೆಯ ರುಚಿ ಕಂಡವರನ್ನು ‘ದುಡ್ಡಿನ ಮದ’ ಎಂದು ತಳ್ಳಿಹಾಕುವುದು ಅನ್ಯಾಯ. ನನ್ನ ಪ್ರಶ್ನೆ ಆಸೆಯ ಬಗ್ಗೆ ಇಲ್ಲ. ಆ ಆಸೆ ಎಲ್ಲಿಗೆ ಹೋಗಿ ನಿಲ್ಲಬೇಕು, ಅದರ ಬೆಲೆಯನ್ನು ಯಾರು ಕೊಡಬೇಕು ಎಂಬುದರ ಬಗ್ಗೆ.

ಮೊದಲು ಟರ್ಬೊದ ಸಂಗತಿ. ಎಂಜಿನ್ನಿನಿಂದ ಹೊಗೆಯಾಗಿ ಹೊರಬಿದ್ದು ವ್ಯರ್ಥವಾಗುವ ಬಿಸಿ ಗಾಳಿಯಿಂದಲೇ ಒಂದು ಚಿಕ್ಕ ಚಕ್ರವನ್ನು ತಿರುಗಿಸಿ, ಆ ಚಕ್ರದ ಬಲದಿಂದ ಇನ್ನಷ್ಟು ಹೊಸ ಗಾಳಿಯನ್ನು ಎಂಜಿನ್ನಿನೊಳಕ್ಕೆ ಒತ್ತಿ ತುಂಬುವ ಉಪಾಯ ಅದು. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ವ್ಯರ್ಥವಾಗುವುದನ್ನು ಮತ್ತೆ ದುಡಿಸುವ ಈ ಯೋಚನೆಯಲ್ಲಿ ನಿಜವಾದ ಜಾಣತನವಿದೆ. ಇಂದು ಒಂದೂವರೆ ಲೀಟರಿನ ಪುಟ್ಟ ಎಂಜಿನ್ ಹಿಂದಿನ ಕಾಲದ ಎರಡು ಲೀಟರಿನ ಎಂಜಿನ್ನನ್ನು ಮೀರಿಸುವುದು ಇದರಿಂದಲೇ. 2022ರಲ್ಲಿ ಬಂದ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿಯಲ್ಲಾಗಲಿ, ಅದೇ ಎಂಜಿನ್ ಇರುವ ಸ್ಕೋಡಾ ಸ್ಲಾವಿಯಾದಲ್ಲಾಗಲಿ 150 ಅಶ್ವಶಕ್ತಿ ಇದೆ. ಮರುವರ್ಷ ಬಂದ ಹ್ಯುಂಡೈ ವೆರ್ನಾ ಟರ್ಬೊದಲ್ಲಿ 160. ಇನ್ನೂ ಮೇಲಕ್ಕೆ ಹೋಗುವವರಿಗೆ 2025ರ ಅಕ್ಟೋಬರಿನಲ್ಲಿ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಬಂತು. ಅಶ್ವಶಕ್ತಿ 265, ಬೆಲೆ 49.99 ಲಕ್ಷ ರೂಪಾಯಿ, ಇಡೀ ದೇಶಕ್ಕೆ ಕೇವಲ 100 ಗಾಡಿ. ಅಷ್ಟೂ ಕೈಗೆ ಸಿಗುವ ಮೊದಲೇ ಮಾರಾಟವಾದವು.

ಟರ್ಬೊ ಸೆಡಾನ್‌ಗಳ ಚರಿತ್ರೆಯಲ್ಲಿ ನನ್ನನ್ನು ಯೋಚನೆಗೆ ಹಚ್ಚಿದ ಇನ್ನೊಂದು ಘಟನೆಯಿದೆ. 1973ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ‘2002 ಟರ್ಬೊ’ ಎಂಬ ಕಾರನ್ನು ಹೊರತಂದಿತು. ಅದರ ಮುಂಭಾಗದ ಕೆಳಪಟ್ಟಿಯಲ್ಲಿ ‘ಟರ್ಬೊ’ ಎಂಬ ಅಕ್ಷರಗಳನ್ನು ತಿರುಗುಮುರುಗಾಗಿ ಬರೆದಿದ್ದರು. ಮುಂದೆ ಹೋಗುವವನು ತನ್ನ ಕನ್ನಡಿಯಲ್ಲಿ ನೋಡಿದಾಗ ಅದು ನೆಟ್ಟಗೆ ಕಾಣಬೇಕು, ಹಿಂದೆ ಯಾರು ಬಂದಿದ್ದಾರೆಂದು ತಿಳಿದು ಅವನು ದಾರಿ ಬಿಡಬೇಕು! ಜರ್ಮನಿಯಲ್ಲಿ ಇದಕ್ಕೆ ದೊಡ್ಡ ಟೀಕೆ ಬಂತು. ಅದೇ ವರ್ಷ ತೈಲ ಬಿಕ್ಕಟ್ಟೂ ಬಂದು ಆ ಕಾರು ಬಹಳ ದಿನ ನಡೆಯಲಿಲ್ಲ. ವೇಗದ ಸೆಡಾನ್‌ನ ಹಣೆಯ ಮೇಲೆಯೇ ‘ಪಕ್ಕಕ್ಕೆ ಸರಿ’ ಎಂಬ ಆಜ್ಞೆ ಬರೆದಿತ್ತು. ಅಕ್ಷರ ಅಳಿಸಿ ಐವತ್ತು ವರ್ಷವಾದರೂ ಘಾಟಿಯಲ್ಲಿ ಹಿಂದಿನಿಂದ ಹೆಡ್‌ಲೈಟ್ ಮಿಣುಕಿಸುತ್ತಾ ಬರುವವರಲ್ಲಿ ಆ ಆಜ್ಞೆ ಹಾಗೇ ಉಳಿದಿದೆ.

ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ವರ್ಟಸ್ ಜಿಟಿ ತೆಗೆದುಕೊಂಡ. ಗಾಡಿಯ ವಿಷಯದಲ್ಲಿ ಅವನಿಗೆ ನಿಜವಾದ ಪ್ರೀತಿಯಿದೆ. ಪ್ರತಿ ತಿಂಗಳೂ ಟೈರಿನ ಗಾಳಿ ತಾನೇ ನೋಡುತ್ತಾನೆ. ಕೆಲವು ತಿಂಗಳು ಕಳೆದ ಮೇಲೆ ಒಂದು ದಿನ ಕೇಳಿದ: ‘ಮಾಮ, ಸ್ಟೇಜ್ ಒನ್ ರಿಮ್ಯಾಪ್ ಮಾಡಿಸೋಣ ಅಂತಿದೀನಿ. ಲ್ಯಾಪ್‌ಟಾಪ್ ಸಿಕ್ಕಿಸಿ ಎಂಜಿನ್ನಿನ ಪ್ರೋಗ್ರಾಮ್ ಬದಲಾಯಿಸಿ ಒಂದೆರಡು ಗಂಟೇಲಿ ಮುಗಿಸ್ತಾರಂತೆ. ಪಿಕಪ್ ಬೇರೆ ಲೆವೆಲ್ಲೇ ಆಗುತ್ತೆ ಅಂತಾರೆ.’

‘ಈಗಿರೋ ಪಿಕಪ್ ಸಾಲದೇನೋ?’ ಅಂದೆ.

‘ಸಾಲಲ್ಲ ಅಂತಲ್ಲ ಮಾಮ. ಆದ್ರೂ...’

ಆ ‘ಆದ್ರೂ’ ನನ್ನ ತಲೆಯಲ್ಲಿ ಬಹಳ ದಿನ ಇತ್ತು. ಅವನಿಗಾಗಿ ಒಂದು ಲೆಕ್ಕ ಹಾಕಿದೆ. ನಾಲ್ಕು ಜನ ಕೂತ ಗಾಡಿಯ ತೂಕ ಸುಮಾರು 1,600 ಕಿಲೋ ಎನ್ನೋಣ. ನೂರು ಮೀಟರಿಗೆ ಏಳು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಅದು ಹತ್ತುತ್ತಿದೆ. ಇಷ್ಟಕ್ಕೆ ಎಂಜಿನ್ ಕೊಡಬೇಕಾದ ಶಕ್ತಿ 20ರಿಂದ 25 ಅಶ್ವಶಕ್ತಿ, ಅದಕ್ಕಿಂತ ಹೆಚ್ಚಿಲ್ಲ. ಉಳಿದ ನೂರಿಪ್ಪತ್ತೈದು ಅಲ್ಲಿ ಸುಮ್ಮನೆ ಕೂತಿರುತ್ತವೆ. ಹಾಗೆಂದು ಅವು ದಂಡ ಎಂದು ಹೇಳುವುದಿಲ್ಲ. ಏರಿನಲ್ಲಿ ತೆವಳುವ ಲಾರಿಯನ್ನು ನೇರ ದಾರಿ ಕಂಡಾಗ ಬೇಗ ದಾಟಿ ಎಡಕ್ಕೆ ಬರಲು ಶಕ್ತಿ ಇದ್ದರೆ ಒಳ್ಳೆಯದೇ. ಎದುರು ಬದಿಯಲ್ಲಿ ಇರುವ ಹೊತ್ತು ಕಡಿಮೆಯಾಗುತ್ತದೆ, ಅಪಾಯವೂ ಕಡಿಮೆಯಾಗುತ್ತದೆ. ಆದರೆ ಆ ಕೆಲಸಕ್ಕೆ 150 ಧಾರಾಳವಾಗಿ ಸಾಕು. ಇರುವ ಶಕ್ತಿಯನ್ನೇ ಘಾಟಿಯಲ್ಲಿ ಪೂರ್ತಿ ಬಳಸಲಾಗದವನು ಮತ್ತೂ ಮೂವತ್ತು ಕೇಳಿದರೆ, ಆ ಮೂವತ್ತು ರಸ್ತೆಗಾಗಿ ಇರಲಾರದು. ಹೋಟೆಲಿನ ಮುಂದೆ ನಿಂತಾಗ ಪಕ್ಕದ ಗಾಡಿಯವನಿಗೆ ಹೇಳುವುದಕ್ಕಾಗಿ ಇರುತ್ತದೆ. ಹೋಲಿಕೆಯಿಂದ ಹುಟ್ಟಿದ ಆಸೆಗೆ ಕೊನೆಯಿಲ್ಲ. ಸ್ಟೇಜ್ ಒನ್ ಆದ ಮೇಲೆ ಸ್ಟೇಜ್ ಟೂ ಇದೆ, ಅದಾದ ಮೇಲೆ ದೊಡ್ಡ ಟರ್ಬೊ, ಅದಾದ ಮೇಲೆ ಇನ್ನೊಬ್ಬನ ಆಕ್ಟೇವಿಯಾ.

ಯಂತ್ರದ ಕಡೆಯಿಂದಲೂ ಒಂದು ಮಾತಿದೆ. ವರ್ಟಸ್ ಜಿಟಿಯ ಎಂಜಿನ್ನಿನ ತಿರುಚು ಬಲ 250 ನ್ಯೂಟನ್ ಮೀಟರ್. ಡಿಎಸ್‌ಜಿ ಎಂಬ ಆಟೊಮ್ಯಾಟಿಕ್ ಗೇರ್ ವ್ಯವಸ್ಥೆ ಇರುವ ಮಾದರಿಗೆ ಜೋಡಿಸಿರುವ ಏಳು ಗೇರಿನ ಒಣ ಕ್ಲಚ್ಚಿನ ಗೇರ್‌ಬಾಕ್ಸನ್ನು ತಾಳಿಕೆಯ ಮಿತಿ 250 ಎಂದೇ ಲೆಕ್ಕ ಹಿಡಿದು ಮಾಡಿದ್ದಾರೆ. ಎರಡೂ ಸಂಖ್ಯೆ ಒಂದೇ ಆಗಿರುವುದು ಕಾಕತಾಳೀಯವಲ್ಲ. ಯಾರೋ ಎಂಜಿನಿಯರುಗಳು ವರ್ಷಗಟ್ಟಲೆ ಕೂತು ‘ಇಲ್ಲಿಗೆ ಸಾಕು’ ಎಂದು ಗೆರೆ ಎಳೆದಿದ್ದಾರೆ. ಒಂದೆರಡು ಗಂಟೆಯ ರಿಮ್ಯಾಪ್ ಆ ಗೆರೆಯನ್ನು ಅಳಿಸುತ್ತದೆ. ಟರ್ಬೊದ ಒತ್ತಡ ಏರುತ್ತದೆ, ಕ್ಲಚ್ಚು ಬೇಗ ಸವೆಯುತ್ತದೆ. ಹೆಚ್ಚು ಆಕ್ಟೇನ್ ಇರುವ ದುಬಾರಿ ಪೆಟ್ರೋಲ್ ನಂಬಿ ಬರೆದ ಲೆಕ್ಕವಾದರೆ, ಅಂಥ ಪೆಟ್ರೋಲ್ ಬೆಂಗಳೂರಿನಲ್ಲಿ ಸಿಕ್ಕಂತೆ ಮಲೆನಾಡಿನ ಬಂಕಿನಲ್ಲಿ ಸಿಗುವುದಿಲ್ಲ. ಕಂಪನಿಯ ವಾರಂಟಿ ಕೈಬಿಡುತ್ತದೆ. ವಿಮೆಯವರಿಗೆ ತಿಳಿಸದೆ ಮಾಡಿದ್ದರೆ ಅಪಘಾತದ ದಿನ ಪರಿಹಾರ ನಿರಾಕರಿಸಲು ಅವರಿಗೆ ಕಾರಣ ಸಿಗುತ್ತದೆ. ಕಾನೂನೂ ಸ್ಪಷ್ಟವಾಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಪ್ರಕಾರ, ಆರ್‌ಸಿಯಲ್ಲಿ ಬರೆದ ವಿವರಗಳು ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ.

ಇನ್ನು ತಿರುವಿಗೆ ಬರೋಣ. ಹೇರ್‌ಪಿನ್ ತಿರುವಿನಲ್ಲಿ ಗಾಡಿ ನಿಧಾನವಾದಾಗ ಎಂಜಿನ್ನಿನ ಸುತ್ತುಗಳೂ ಇಳಿಯುತ್ತವೆ, ಟರ್ಬೊದ ಚಕ್ರಕ್ಕೆ ಸಾಕಷ್ಟು ಬಿಸಿ ಗಾಳಿ ಸಿಗುವುದಿಲ್ಲ. ಆಗ ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ಏನೂ ಆಗುವುದಿಲ್ಲ. ಅನುಭವ ಇಲ್ಲದವರು ಇನ್ನಷ್ಟು ಒತ್ತುತ್ತಾರೆ. ಮರುಕ್ಷಣ 1,600 ಸುತ್ತು ದಾಟಿದ ಕೂಡಲೇ ಇಡೀ ಬಲ ಒಮ್ಮೆಗೇ ಮುಂದಿನ ಚಕ್ರಗಳಿಗೆ ಬರುತ್ತದೆ. ಆ ಹೊತ್ತಿಗೆ ಸ್ಟೀರಿಂಗ್ ಇನ್ನೂ ತಿರುಗಿಯೇ ಇರುತ್ತದೆ, ರಸ್ತೆಯ ಮೇಲೆ ಮಳೆಯ ನೀರು, ಕೊಳೆತ ಎಲೆ, ಗುಡ್ಡದಿಂದ ಹರಿದು ಬಂದ ಕೆಂಪು ಮಣ್ಣು ಇರುತ್ತದೆ. ಎಳೆಯುವುದೂ ತಿರುಗುವುದೂ ಅದೇ ಎರಡು ಟೈರುಗಳ ಕೆಲಸ. ಎಳೆತ ಹೆಚ್ಚಾದರೆ ತಿರುಗಿಸುವ ಹಿಡಿತ ಕಡಿಮೆಯಾಗಿ ಗಾಡಿ ಹೊರಕ್ಕೆ, ಅಂದರೆ ಎಡ ತಿರುವಿನಲ್ಲಿ ಎದುರಿನವರ ಬದಿಗೆ ಜಾರುತ್ತದೆ. ಇಎಸ್‌ಸಿ ಎಂಬ ಎಲೆಕ್ಟ್ರಾನಿಕ್ ವ್ಯವಸ್ಥೆ ಬಲವನ್ನು ತಗ್ಗಿಸಿ ಬಹಳ ಸಲ ಕಾಪಾಡುತ್ತದೆ, ನಿಜ. ಆದರೆ ಟೈರು ಮತ್ತು ಡಾಂಬರಿನ ನಡುವೆ ಇಲ್ಲದ ಹಿಡಿತವನ್ನು ಯಾವ ಕಂಪ್ಯೂಟರೂ ತಂದುಕೊಡಲಾರದು.

ನಿಲ್ಲುವ ಲೆಕ್ಕ ಇದಕ್ಕಿಂತ ಮುಖ್ಯವಾದದ್ದು. ಅಪಾಯ ಕಂಡು ಕಾಲು ಬ್ರೇಕಿಗೆ ಬರಲು ಒಂದು ಸೆಕೆಂಡ್ ಹಿಡಿಯಿತು ಎಂದುಕೊಳ್ಳಿ. ಒಣ ರಸ್ತೆಯಲ್ಲಿ 40 ಕಿಲೋಮೀಟರ್ ವೇಗದಲ್ಲಿದ್ದರೆ ಸುಮಾರು 20 ಮೀಟರಿನಲ್ಲಿ ನಿಲ್ಲಬಹುದು. 60ರಲ್ಲಿದ್ದರೆ ಸುಮಾರು 37 ಮೀಟರ್ ಬೇಕು. ರಸ್ತೆ ಒದ್ದೆಯಾಗಿದ್ದರೆ 40ಕ್ಕೆ 26 ಮೀಟರ್, 60ಕ್ಕೆ 50 ಮೀಟರಿಗೂ ಮೇಲೆ. ಇಳಿಜಾರಾದರೆ ಇನ್ನೂ ಹೆಚ್ಚು. ಈಗ ಚಾರ್ಮಾಡಿಯ ಒಂದು ತಿರುವಿನಲ್ಲಿ, ಒಂದು ಕಡೆ ಗುಡ್ಡದ ಗೋಡೆ ಇರುವಲ್ಲಿ, ಎಷ್ಟು ದೂರ ಕಾಣುತ್ತದೆ ಎಂದು ಗಮನಿಸಿ. ಹಲವು ಕಡೆ ಮೂವತ್ತು ಮೀಟರೂ ಕಾಣುವುದಿಲ್ಲ. ಜುಲೈ ತಿಂಗಳ ಮಂಜಿನಲ್ಲಿ ಬಾನೆಟ್ಟಿನ ಮುಂದೆ ಏನಿದೆ ಎಂದೂ ತಿಳಿಯುವುದಿಲ್ಲ. ಘಾಟಿಯಲ್ಲಿ ವೇಗದ ಮಿತಿಯನ್ನು ತೀರ್ಮಾನಿಸುವುದು ಗಾಡಿಯ ಸಾಮರ್ಥ್ಯ ಅಲ್ಲ, ಕಣ್ಣಿಗೆ ಕಾಣುವ ದೂರ. ಐದು ಲಕ್ಷದ ಗಾಡಿಗೂ ಐವತ್ತು ಲಕ್ಷದ ಗಾಡಿಗೂ ಆ ಗುಡ್ಡದ ಗೋಡೆ ಒಂದೇ ಅಳತೆಯಲ್ಲಿ ಅಡ್ಡ ನಿಲ್ಲುತ್ತದೆ.

ಗಾಡಿಯನ್ನು ‘ಅಪ್‌ಗ್ರೇಡ್’ ಮಾಡಬೇಕು ಅನ್ನುವವರು ಯಾರೂ ಮೊದಲು ಯೋಚಿಸದ ಒಂದು ವಸ್ತುವಿದೆ. ಬಾನೆಟ್ ಎತ್ತಿದರೆ ಎಂಜಿನ್ನಿನ ಹಿಂಬದಿಗೆ, ಗಾಜಿನ ಕೆಳಗೆ, ಮಸುಕು ಬಿಳುಪಿನ ಪ್ಲಾಸ್ಟಿಕ್ಕಿನ ಚಿಕ್ಕ ಡಬ್ಬಿ ಕಾಣುತ್ತದೆ. ಮುಷ್ಟಿಗಿಂತ ಸ್ವಲ್ಪ ದೊಡ್ಡದು. ಒಳಗಿರುವುದನ್ನು ಗ್ಯಾರೇಜಿನಲ್ಲಿ ಬ್ರೇಕ್ ಆಯಿಲ್ ಎನ್ನುತ್ತಾರೆ. ಹೊಸದಾಗಿದ್ದಾಗ ತೆಳು ಹಳದಿ, ಹಳತಾದಂತೆ ಚಹಾದ ಬಣ್ಣ. ಕಾಲಿನ ಒತ್ತಡವನ್ನು ನಾಲ್ಕು ಚಕ್ರಕ್ಕೆ ಮುಟ್ಟಿಸುವುದು ಅದೇ. ಅದರ ಒಂದು ದೌರ್ಬಲ್ಯವೆಂದರೆ ಗಾಳಿಯ ತೇವವನ್ನು ಹೀರಿಕೊಳ್ಳುವುದು. ಡಾಟ್ 4 ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ತೇವ ಹೀರಿದ ಮೇಲೆ ಅದು 155 ಡಿಗ್ರಿಗೆ ಇಳಿಯಬಹುದು.

ಆಗುಂಬೆಯಿಂದ ಸೋಮೇಶ್ವರಕ್ಕೆ ಹದಿನಾಲ್ಕು ಹೇರ್‌ಪಿನ್ ತಿರುವು ಇಳಿಯುವುದೆಂದರೆ ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಎತ್ತರದಿಂದ ಕೆಳಕ್ಕೆ ಬಂದಂತೆ. 1,600 ಕಿಲೋ ತೂಕದ ಗಾಡಿಯನ್ನು ಬರೀ ಬ್ರೇಕಿನ ಮೇಲೆ ಅಷ್ಟು ಎತ್ತರದಿಂದ ಇಳಿಸಿದರೆ ಹುಟ್ಟುವ ಶಾಖ, ಬಚ್ಚಲಮನೆಯ ಹಂಡೆಗೆ ತುಂಬಿದ ಇಪ್ಪತ್ತು ಚಿಲ್ಲರೆ ಲೀಟರ್ ತಣ್ಣೀರನ್ನು ಕುದಿ ಬರಿಸುವಷ್ಟು. ಅಷ್ಟೂ ಹೋಗುವುದು ನಾಲ್ಕು ಚಕ್ರದ ಬ್ರೇಕಿಗೆ, ಹೆಚ್ಚಿನ ಪಾಲು ಮುಂದಿನ ಎರಡಕ್ಕೆ. ಹಳೆಯ ಆಯಿಲ್ ಕುದ್ದು ಆವಿಯ ಗುಳ್ಳೆ ಹುಟ್ಟಿದರೆ ಪೆಡಲ್ ಮೆತ್ತಗಾಗಿ ನೆಲಕ್ಕೆ ಇಳಿಯುತ್ತದೆ, ಗಾಡಿ ನಿಲ್ಲುವುದಿಲ್ಲ. ಮಲೆನಾಡಿನ ಬಸ್ ಚಾಲಕರು ಹಿಂದಿನಿಂದ ಹೇಳುತ್ತಾ ಬಂದಿರುವ ಮಾತು ಇಲ್ಲಿ ಔಷಧದಂತೆ ಕೆಲಸ ಮಾಡುತ್ತದೆ: ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಆಗ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಬ್ರೇಕಿಗೆ ವಿಶ್ರಾಂತಿ ಸಿಗುತ್ತದೆ. ಆಟೊಮ್ಯಾಟಿಕ್ ಗಾಡಿಯವರು ‘ಡಿ’ಯಲ್ಲೇ ಬಿಟ್ಟು ಇಳಿಯುವ ಬದಲು ಎರಡನೆಯ ಅಥವಾ ಮೂರನೆಯ ಗೇರನ್ನು ಕೈಯಾರೆ ಹಾಕಿಕೊಳ್ಳಬೇಕು. ಕೊಪ್ಪದ ಸಹಕಾರ ಸಾರಿಗೆಯ ಬಸ್ಸುಗಳಲ್ಲಿ ಓಡಾಡಿದವರಿಗೆ ಆ ಚಾಲಕರು ತಿರುವಿಗೆ ಮುಂಚೆಯೇ ಗೇರ್ ಇಳಿಸುತ್ತಿದ್ದ ಸದ್ದು ನೆನಪಿರಬಹುದು. 1991ರಲ್ಲಿ ಕಾರ್ಮಿಕರೇ ಕಟ್ಟಿ, 2020ರಲ್ಲಿ ನಿಂತುಹೋದ ಸಂಸ್ಥೆ ಅದು. ಅವರ ಬಸ್ಸಿಗೆ ಟರ್ಬೊದ ಖ್ಯಾತಿ ಇರಲಿಲ್ಲ. ಘಾಟಿಯನ್ನು ಓದಲು ಮಾತ್ರ ಅವರಿಗೆ ಬರುತ್ತಿತ್ತು.

ನಿಜವಾದ ವೇಗಗಾರರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನೂ ನೋಡಬೇಕು. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ರಾಷ್ಟ್ರಮಟ್ಟದ ರ‍್ಯಾಲಿಗಳು ನಡೆಯುತ್ತವೆ. ಸ್ಪರ್ಧೆಯ ಹಾದಿಯನ್ನು ಸಂಚಾರಕ್ಕೆ ಪೂರ್ತಿ ಮುಚ್ಚಿರುತ್ತಾರೆ. ಹೆಲ್ಮೆಟ್, ಉಕ್ಕಿನ ಪಂಜರ, ಪಕ್ಕದಲ್ಲಿ ದಾರಿ ಓದಿ ಹೇಳುವ ಜೊತೆಗಾರ. ಅದಕ್ಕೂ ಮುನ್ನ ಅದೇ ದಾರಿಯಲ್ಲಿ ನಿಧಾನವಾಗಿ ಹೋಗಿ ಪ್ರತಿ ತಿರುವನ್ನೂ ಪುಸ್ತಕದಲ್ಲಿ ಬರೆದುಕೊಂಡಿರುತ್ತಾರೆ. ಒಂದು ಹಂತ ಮುಗಿಸಿ ಇನ್ನೊಂದಕ್ಕೆ ಸಾರ್ವಜನಿಕ ರಸ್ತೆಯಲ್ಲಿ ಹೋಗಬೇಕಾದಾಗ ಅದೇ ಚಾಂಪಿಯನ್ನರು ಸಾಮಾನ್ಯ ಸಂಚಾರ ನಿಯಮಕ್ಕೆ ತಲೆಬಾಗುತ್ತಾರೆ, ಮೀರಿದರೆ ದಂಡ ಬೀಳುತ್ತದೆ. ವೇಗವನ್ನು ವೃತ್ತಿಯಾಗಿ ಮಾಡಿಕೊಂಡವರೇ ಮುಚ್ಚಿದ ರಸ್ತೆಗೆ ಒಂದು ಧರ್ಮ, ತೆರೆದ ರಸ್ತೆಗೆ ಇನ್ನೊಂದು ಎಂದು ಒಪ್ಪಿಕೊಂಡಿರುವಾಗ, ತಿಂಗಳಿಗೊಮ್ಮೆ ಬರುವ ನಾವು ಎಂಥ ಹಕ್ಕು ಇಟ್ಟುಕೊಂಡು ಘಾಟಿಯನ್ನು ಟ್ರ್ಯಾಕ್ ಮಾಡಿಕೊಳ್ಳುತ್ತೇವೆ?

ತೆರೆದ ರಸ್ತೆ ಅಂದರೆ ಯಾರಿಗೆ ತೆರೆದದ್ದು ಎಂಬುದೇ ನನಗೆ ಮುಖ್ಯವಾಗಿ ಕಾಣುವ ವಿಷಯ. ಶಿವರಾತ್ರಿಯ ಹೊತ್ತಿಗೆ ಸಾವಿರಾರು ಜನ ಚಾರ್ಮಾಡಿಯಲ್ಲಿ, ಶಿರಾಡಿಯಲ್ಲಿ ಧರ್ಮಸ್ಥಳಕ್ಕೆ ನಡೆದು ಹೋಗುತ್ತಾರೆ. ರಾತ್ರಿಯೂ ನಡೆಯುತ್ತಾರೆ, ಹೆಗಲ ಮೇಲೆ ಚೀಲ, ಕಾಲಲ್ಲಿ ಬೊಕ್ಕೆ. ಘಾಟಿಯ ನಡುವೆ ಅಣ್ಣಪ್ಪ ಸ್ವಾಮಿಯ ಗುಡಿಯ ಮುಂದೆ ಲಾರಿ ಚಾಲಕರೂ ಜೀಪಿನವರೂ ಒಂದು ನಿಮಿಷ ನಿಲ್ಲಿಸಿ ಕೈಮುಗಿದು ಹೋಗುತ್ತಾರೆ. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆಯವರಿಗೆ ದೊಡ್ಡ ಕಾಯಿಲೆ ಬಂದರೆ ಆಗುಂಬೆ ಇಳಿದು ಮಣಿಪಾಲಕ್ಕೆ ಹೋಗಬೇಕು. ಮೂಡಿಗೆರೆ ಕಡೆಯವರು ಚಾರ್ಮಾಡಿ ಇಳಿದು ಮಂಗಳೂರಿಗೆ ಹೋಗಬೇಕು. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಮುಚ್ಚಿದಾಗ ಈ ದಾರಿ ಎಷ್ಟು ಜನರ ಜೀವನಾಡಿ ಎಂಬುದು ಗೊತ್ತಾಯಿತು. ನಿಮ್ಮ ಎದುರಿನ ತಿರುವಿನಿಂದ ಬರುವ ಆಂಬುಲೆನ್ಸಿನಲ್ಲಿ ಹೆರಿಗೆ ನೋವಿನ ಹೆಂಗಸೊಬ್ಬಳು ಇರಬಹುದು. ಬಸ್ಸು ಹೇರ್‌ಪಿನ್ನಿನಲ್ಲಿ ಇಡೀ ರಸ್ತೆಯನ್ನು ತೆಗೆದುಕೊಳ್ಳುವುದು ಚಾಲಕನ ಸೊಕ್ಕಿನಿಂದಲ್ಲ, ಅದರ ಉದ್ದ ಅಷ್ಟಿದೆ. ರಸ್ತೆ ಕಿರಿದಾಗಿರುವ ಕಡೆ ಇಳಿಯುವವರು ಹತ್ತುವವರಿಗೆ ದಾರಿ ಬಿಡಬೇಕು ಎಂಬುದು ನಮ್ಮ ಸಂಚಾರ ನಿಯಮಾವಳಿಯಲ್ಲೇ ಇದೆ. ಆಗುಂಬೆಯ ಪಕ್ಕದಲ್ಲಿ ಸೋಮೇಶ್ವರ ಅಭಯಾರಣ್ಯ. ಸಿಂಗಳೀಕ, ಕಾಳಿಂಗ ಸರ್ಪ, ಮಳೆಗಾಲದ ರಾತ್ರಿ ರಸ್ತೆಗೆ ಬರುವ ಕಪ್ಪೆಗಳು, ಇವಕ್ಕೂ ಅದೇ ದಾರಿ. ಸೈಲೆನ್ಸರ್ ಬದಲಿಸಿ ಗುಡುಗಿಸಿಕೊಂಡು ಹೋಗುವವರ ಸದ್ದು ಆ ಕಾಡಿನ ಮಡಿಲಲ್ಲಿ ಎಷ್ಟು ದೂರ ಕೇಳುತ್ತದೆ ಎಂದು ಅಲ್ಲಿ ಮನೆ ಇರುವವರನ್ನು ಕೇಳಿ.

ವೇಗದ ಬೆಲೆ ಎಷ್ಟೆಂಬುದಕ್ಕೆ ಲೆಕ್ಕವೂ ಇದೆ. ದೇಶದಲ್ಲಿ 2022ರ ಒಂದೇ ವರ್ಷ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ, ಈ ಸಾವುಗಳಲ್ಲಿ ನೂರಕ್ಕೆ 71ಕ್ಕೆ ಕಾರಣ ಅತಿವೇಗ.

ಅಕ್ಕನ ಮಗ ರಿಮ್ಯಾಪ್ ಮಾಡಿಸಲಿಲ್ಲ. ಆ ದುಡ್ಡಿನಲ್ಲಿ ಒದ್ದೆ ರಸ್ತೆಯಲ್ಲಿ ಚೆನ್ನಾಗಿ ಹಿಡಿಯುವ ನಾಲ್ಕು ಒಳ್ಳೆಯ ಟೈರು ಹಾಕಿಸಿದ. ‘ಗಾಡಿ ಬದಲಾದ ಹಾಗೇ ಆಯ್ತು ಮಾಮ’ ಅಂದ. ಅದು ಉತ್ಪ್ರೇಕ್ಷೆಯಲ್ಲ. ನಾಲ್ಕು ಅಂಗೈ ಅಗಲದ ರಬ್ಬರು ಮಾತ್ರ ಗಾಡಿಯನ್ನು ನೆಲಕ್ಕೆ ಹಿಡಿದಿರುವುದರಿಂದ, ಅಲ್ಲಿ ಹಾಕಿದ ದುಡ್ಡಿನ ಫಲ ಹತ್ತುವಾಗಲೂ ಇಳಿಯುವಾಗಲೂ ನಿಲ್ಲುವಾಗಲೂ ಸಿಗುತ್ತದೆ. ವೇಗದ ಹಂಬಲ ಇನ್ನೂ ಕಾಡಿದರೆ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಯಲ್ಲೂ ಕೊಯಮತ್ತೂರಿನಲ್ಲೂ ರೇಸಿಗೆಂದೇ ಕಟ್ಟಿದ ಟ್ರ್ಯಾಕುಗಳಿವೆ. ಅಲ್ಲಿ ಎದುರಿನಿಂದ ಯಾರೂ ಬರುವುದಿಲ್ಲ.

ಆದ್ದರಿಂದ ಟರ್ಬೊ ಸೆಡಾನ್ ಕೊಳ್ಳುವ ಆಸೆ ಇರುವವರು ಧಾರಾಳವಾಗಿ ಕೊಳ್ಳಿ. ಕಂಪನಿ ಕೊಟ್ಟ ಶಕ್ತಿಯನ್ನು ಹಾಗೇ ಇರಗೊಡಿ. ಈ ಮಳೆಗಾಲಕ್ಕೆ ಮೊದಲು ಟೈರಿನ ಗೀರು ಎಷ್ಟು ಆಳ ಉಳಿದಿದೆ ಎಂದು ಅಳೆಯಿರಿ, ಮೂರು ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಬದಲಿಸಿ. ಬ್ರೇಕ್ ಆಯಿಲ್ ಹಾಕಿಸಿ ಎರಡು ವರ್ಷ ಕಳೆದಿದ್ದರೆ ಅದನ್ನೂ ಬದಲಿಸಿ. ಘಾಟಿಯಲ್ಲಿ ತಿರುವಿಗೆ ಮುಂಚೆ ಹಾರನ್ ಹಾಕಿ, ನಿಮ್ಮ ಬದಿಯಲ್ಲೇ ಇರಿ, ಹತ್ತಿ ಬರುವ ಬಸ್ಸಿಗೆ ನಿಲ್ಲಿಸಿ ದಾರಿ ಕೊಡಿ.